ಪೆಟ್ರೋಲ್ ಚಾಲಿತ ಸೌದೆ ಸೀಳುವ ಯಂತ್ರ: ಬಳಕೆಯ ಕ್ರಮ ಹಾಗೂ ಬಾಡಿಗೆ ನಿಗದಿ

ಮಲೆನಾಡಿನ ಗ್ರಾಮಗಳಲ್ಲಿ ಮಳೆಗಾಲಕ್ಕೆ ಮುನ್ನವೇ ಸೌದೆ ಸಿದ್ಧವಾಗಿರಬೇಕು. ಬಚ್ಚಲೊಲೆಗೂ, ಮುಂದೆ ಅಡಿಕೆ ಬೇಯಿಸುವ ಒಲೆಗೂ ಅದೇ ಆಧಾರ. ಕೊಡಲಿ ಹಿಡಿಯುವ ಆಳುಗಳು ವಿರಳವಾಗಿರುವಲ್ಲಿ, ಸೀಳುವ ಯಂತ್ರವನ್ನು ಕೊಂಡು ಬಾಡಿಗೆಗೆ ನೀಡುವ ಪ್ರಸ್ತಾವವು ಪಂಚಾಯಿತಿ ಅಥವಾ ಸ್ವಸಹಾಯ ಸಂಘದ ಮುಂದೆ ಬಂದರೆ, ಸದಸ್ಯರು ಯಂತ್ರದ ಬೆಲೆಯೊಡನೆ ಅದು ನಡೆಯುವ ಬಗೆಯನ್ನೂ ಅರಿತಿರುವುದು ಅವಶ್ಯ.

ಎಂಜಿನ್ ಪಂಪನ್ನು ತಿರುಗಿಸುತ್ತದೆ. ಪಂಪಿನಿಂದ ಹೊರಡುವ ಎಣ್ಣೆಯ ಒತ್ತಡದಿಂದ ತಳ್ಳುದಂಡವು ದಿಮ್ಮಿಯನ್ನು ಉಕ್ಕಿನ ಬೆಣೆಗೆ ಒತ್ತಿ ಸೀಳುತ್ತದೆ. ಬಹುಪಾಲು ಪಂಪುಗಳು ಎರಡು ಹಂತದವು: ಅಡ್ಡಿಯಿಲ್ಲದಾಗ ದಂಡವು ವೇಗವಾಗಿಯೂ, ಗಂಟು ಸಿಕ್ಕಾಗ ನಿಧಾನವಾಗಿ ಹೆಚ್ಚಿನ ಬಲದಿಂದಲೂ ಚಲಿಸುತ್ತದೆ. ಪೆಟ್ರೋಲ್ ಉಳಿಸಲೆಂದು ಎಂಜಿನ್ನಿನ ವೇಗ ತಗ್ಗಿಸುವುದು ತಪ್ಪು ಲೆಕ್ಕಾಚಾರ. ಆಗ ಎಣ್ಣೆಯ ಹರಿವು ಕುಗ್ಗಿ ಪ್ರತಿ ದಿಮ್ಮಿಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಗಟ್ಟಿ ಗಂಟಿನೆದುರು ಎಂಜಿನ್ ನಿಂತೇಹೋಗಬಹುದು. ಕೈಪಿಡಿ ಸೂಚಿಸುವ ವೇಗದಲ್ಲಿಯೇ, ಸಾಮಾನ್ಯವಾಗಿ ನಿಮಿಷಕ್ಕೆ 3,600 ಸುತ್ತುಗಳಲ್ಲಿ, ನಡೆಸತಕ್ಕದ್ದು.

ಪೆಟ್ರೋಲ್ ವ್ಯರ್ಥವಾಗುವುದು ಸೀಳುವಾಗಲ್ಲ, ಕಾಯುವಾಗ. ಆದುದರಿಂದ ಎಂಜಿನ್ ಚಾಲೂ ಮಾಡುವ ಮೊದಲೇ ದಿಮ್ಮಿಗಳನ್ನು ಸಮ ಉದ್ದಕ್ಕೆ, ತುದಿಗಳು ನೇರವಾಗಿರುವಂತೆ ಕೊಯ್ದು ಯಂತ್ರದ ಪಕ್ಕಕ್ಕೆ ರಾಶಿ ಹಾಕಿರಬೇಕು. ದಿಮ್ಮಿ 40 ಸೆಂ.ಮೀ. ಉದ್ದವಿದ್ದರೆ ದಂಡವು ಪ್ರತಿ ಸಲ 60 ಸೆಂ.ಮೀ. ಹಿಂದೆ ಸರಿಯಬೇಕಿಲ್ಲ, ಮುಂದಿನ ದಿಮ್ಮಿ ಹಿಡಿಸುವಷ್ಟಕ್ಕೆ ಲಿವರ್ ನಿಲ್ಲಿಸಿದರೆ ಸಾಕು. ದಪ್ಪ ದಿಮ್ಮಿಯನ್ನು ನಡುವಿಗೆ ಒತ್ತದೆ ಅಂಚಿನಿಂದ ಸೀಳುತ್ತ ಬರಬೇಕು. ದಂಡ ನಿಂತುಬಿಟ್ಟರೆ ಲಿವರ್ ಹಿಡಿದೇ ಇರುವುದರಿಂದ ಎಣ್ಣೆ ಕಾಯುತ್ತದೆಯೇ ಹೊರತು ಮರ ಸೀಳುವುದಿಲ್ಲ. ದಿಮ್ಮಿಯನ್ನು ಹೊರಳಿಸಿ ಪುನಃ ಯತ್ನಿಸಬೇಕು. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುವುದುಂಟು. ಅನೇಕ ಜಾತಿಯ ಮರಗಳು ಹಸಿಯಿರುವಾಗಲೇ ಸುಲಭವಾಗಿ ಸೀಳುತ್ತವೆ, ಸೀಳಿದ ಮೇಲೆ ಬೇಗ ಒಣಗುತ್ತವೆ.

ದಿಮ್ಮಿ ಇಡುವವನೇ ಲಿವರನ್ನೂ ಎಳೆಯತಕ್ಕದ್ದು. ಒಬ್ಬನು ಇಡುತ್ತ ಮತ್ತೊಬ್ಬನು ಎಳೆಯುವ ಪದ್ಧತಿಯಲ್ಲಿ ಕೆಲಸ ಚುರುಕಾಗಿ ಕಂಡರೂ ಬೆರಳು ಕಳೆದುಕೊಳ್ಳುವ ಸಂಭವ ಅಲ್ಲಿಯೇ ಅಧಿಕ. ಎಣ್ಣೆ ಸೋರುವ ಕೊಳವೆಯನ್ನು ಕೈಯಿಂದ ಮುಟ್ಟಿ ನೋಡಕೂಡದು. ಒತ್ತಡದ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಎಂಜಿನ್ ಆರಿದ ಬಳಿಕವೇ ಪೆಟ್ರೋಲ್ ತುಂಬಬೇಕು. ಮುಚ್ಚಿದ ಕೊಟ್ಟಿಗೆಯೊಳಗೆ ಯಂತ್ರ ನಡೆಸಬಾರದು.

ಬಾಡಿಗೆಯ ನಿಗದಿ ಸದಸ್ಯರ ಕೈಯಲ್ಲಿದೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಪಡೆದರೆ ಬಳಕೆದಾರನು ಅವಸರಪಡುತ್ತಾನೆ. ಲಿವರಿಗೆ ಎರಡನೆಯ ಕೈ ಸೇರುವುದು ಆಗಲೇ. ಪೇರಿಸಿದ ಸೌದೆಯ ಘನ ಅಳತೆಗೆ ಬಾಡಿಗೆ, ಪೆಟ್ರೋಲ್ ಬಳಕೆದಾರನದೇ ಎಂದು ಗೊತ್ತುಪಡಿಸಿದಲ್ಲಿ ಅವಸರಕ್ಕೂ ಕಾರಣವಿಲ್ಲ, ಎಂಜಿನ್ ಸುಮ್ಮನೆ ಉರಿಯುವುದಕ್ಕೂ ಕಾರಣವಿಲ್ಲ. ಯಂತ್ರ ಕೊಡುವ ಮುನ್ನ, ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಡಿ ಅನುಮತಿ ಬೇಕಾದ ಮರವಾದರೆ ಅದನ್ನು ಪಡೆದಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಮಳೆಗಾಲಕ್ಕೆ ಯಂತ್ರವನ್ನು ಒಳಗಿಡುವಾಗ ಟ್ಯಾಂಕನ್ನು ಬರಿದು ಮಾಡಬೇಕು. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರಿ ಕಾರ್ಬ್ಯುರೇಟರನ್ನು ಕೆಡಿಸುತ್ತದೆ.