ಚಿತ್ರಸಂಸ್ಕರಣಕ್ಕೆ ತಕ್ಕ ಪರದೆ: ಮಿತವ್ಯಯದ ಆಯ್ಕೆ ಮತ್ತು ಅಳವಡಿಕೆ

ಹಳೆಯ ಛಾಯಾಚಿತ್ರಗಳನ್ನು ಸ್ಕ್ಯಾನ್ ಮಾಡಿ, ಮಾಸಿದ ಛಾಯೆಯನ್ನು ತಿದ್ದಿ, ಗಣಕಯಂತ್ರದಲ್ಲಿ ಉಳಿಸಿಡುವ ಕಾರ್ಯವು ಇಂದು ಮನೆಗಳಲ್ಲಿಯೂ ವಿದ್ಯಾಸಂಸ್ಥೆಗಳಲ್ಲಿಯೂ ನಡೆಯುತ್ತಿದೆ. ಸ್ಕ್ಯಾನರನ್ನು ನಾಲ್ಕು ಕಡೆ ವಿಚಾರಿಸಿ ಕೊಳ್ಳುವವರು ಮಾನಿಟರಿನ ವಿಷಯದಲ್ಲಿ ಮಾತ್ರ ‘ಯಾವುದಾದರೇನು’ ಎಂಬ ಉದಾಸೀನವನ್ನು ತಾಳುವುದುಂಟು. ಆದರೆ ತಿದ್ದುವವನಿಗೆ ಚಿತ್ರವು ಗೋಚರಿಸುವುದು ಪರದೆಯ ಮೂಲಕವೇ ಅಲ್ಲವೆ? ಪರದೆ ಅತಿಯಾಗಿ ಬೆಳಗುತ್ತಿದ್ದರೆ ಆತನು ಚಿತ್ರವನ್ನು ಅಗತ್ಯಕ್ಕಿಂತ ಕಪ್ಪಾಗಿಸುತ್ತಾನೆ. ಅದು ನೀಲಿಗೆ ವಾಲಿದ್ದರೆ ಚಿತ್ರಕ್ಕೆ ಹಳದಿಯನ್ನು ಬೆರೆಸುತ್ತಾನೆ. ಹೀಗೆ ತಿದ್ದಿದ್ದನ್ನು ಮೂಲಪ್ರತಿಯ ಮೇಲೆಯೇ ಉಳಿಸಿದಲ್ಲಿ, ನೆರಳಿನಲ್ಲಿದ್ದ ಮುಖಗಳ ಸೂಕ್ಷ್ಮ ಛಾಯೆಗಳು ಮರಳಿ ಬಾರದಂತೆ ಅಳಿದುಹೋಗುತ್ತವೆ. ಆದಕಾರಣ ಸ್ಕ್ಯಾನಿನ ಮೂಲಪ್ರತಿಯನ್ನು ಮುಟ್ಟದೆ ಪ್ರತ್ಯೇಕವಾಗಿ ಇರಿಸತಕ್ಕದ್ದು.

ಅಗ್ಗದ ಮಾನಿಟರುಗಳ ಫಲಕಗಳು ಮುಖ್ಯವಾಗಿ ಮೂರು ಬಗೆಯವು: ಟಿಎನ್, ವಿಎ ಮತ್ತು ಐಪಿಎಸ್. ಟಿಎನ್ ಫಲಕದ ಮುಂದೆ ತಲೆಯನ್ನು ತುಸು ಮೇಲೆ ಕೆಳಗೆ ಮಾಡಿದರೂ ಛಾಯೆ ಬದಲಾಗುತ್ತದೆ. ವಿಎ ಫಲಕದಲ್ಲಿ ಕಪ್ಪು ಗಾಢವಾಗಿ ಕಂಡರೂ, ಓರೆಯಾಗಿ ನೋಡಿದಾಗ ನೆರಳಿನ ಭಾಗಗಳು ಬೇರೆಯಾಗಿ ತೋರುತ್ತವೆ. ಚಿತ್ರಸಂಸ್ಕರಣಕ್ಕೆ ಐಪಿಎಸ್ ಫಲಕವೇ ಯೋಗ್ಯವಾದುದು. ಸುಮಾರು ಹತ್ತು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ 24 ಅಂಗುಲದ ಇಂತಹ ಮಾನಿಟರು ಇಂದು ದೊರೆಯುತ್ತದೆ.

ಎರಡನೆಯದಾಗಿ ನೋಡಬೇಕಾದುದು ವರ್ಣವ್ಯಾಪ್ತಿ. 1996ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಪ್ರಸ್ತಾಪಿಸಿ, 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಆರ್‌ಜಿಬಿ ಎಂಬ ವರ್ಣಕ್ಷೇತ್ರವೇ ಸಾಮಾನ್ಯ ಚಿತ್ರಗಳಿಗೆ ಆಧಾರ. ಅದರ ಶೇಕಡಾ 95ಕ್ಕೂ ಮಿಗಿಲಾದ ಭಾಗವನ್ನು ತೋರುವ ಮಾನಿಟರು ಸಾಕು. ವಿವರಪಟ್ಟಿಯಲ್ಲಿ ‘ಎನ್‌ಟಿಎಸ್‌ಸಿ 45’ ಎಂದಿದ್ದರೆ ಅದನ್ನು ಬಿಟ್ಟುಬಿಡುವುದು ಲೇಸು. ಅಲ್ಲಿ ಕುಂಕುಮದ ಕೆಂಪೂ ಇಟ್ಟಿಗೆಯ ಬಣ್ಣವಾಗುತ್ತದೆ. ಕಪ್ಪು-ಬಿಳುಪು ಚಿತ್ರಗಳನ್ನಷ್ಟೇ ತಿದ್ದುವವರಿಗೆ ವರ್ಣವ್ಯಾಪ್ತಿಗಿಂತ ಬೂದು ಛಾಯೆಗಳ ಸಮನಾದ ಏರಿಳಿತವೇ ಮುಖ್ಯವೆಂಬುದು ನಿಜ. ಆಗಲೂ ಆರು ಬಿಟ್‌ನ ಫಲಕಕ್ಕಿಂತ, ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳುಳ್ಳ ಎಂಟು ಬಿಟ್‌ನ ಫಲಕವನ್ನು ಆರಿಸುವುದು ಒಳಿತು. ಬಾಗಿದ ಪರದೆ, ಆಟಗಳಿಗೆಂದು ಹೆಚ್ಚಿಸಿದ ವೇಗ, ಅಗ್ಗದ ಮಾದರಿಗಳ ಮೇಲಿನ ಎಚ್‌ಡಿಆರ್ ಮುದ್ರೆ ಇವುಗಳಿಗೆ ಹಣ ತೆರುವುದು ಈ ಕಾರ್ಯಕ್ಕೆ ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಮಾನಿಟರನ್ನು ಕೊಂಡು ತಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅಳವಡಿಕೆಯಲ್ಲಿಯೇ ಹೆಚ್ಚಿನವರು ಎಡವುವುದು. ಅಂಗಡಿಯಲ್ಲಿ ಕಣ್ಸೆಳೆಯಲೆಂದು ಪರದೆಯನ್ನು ಅತಿಪ್ರಖರವಾಗಿ ಇಟ್ಟಿರುತ್ತಾರೆ. ಸೀರೆಯ ಬಣ್ಣವನ್ನು ಅಂಗಡಿಯ ದೀಪದಲ್ಲಿ ನಂಬದೆ ಬಾಗಿಲ ಬಳಿಗೆ ತಂದು ಹಗಲಿನ ಬೆಳಕಿನಲ್ಲಿ ನೋಡುವ ನಮ್ಮ ತಾಯಂದಿರ ಜಾಣ್ಮೆ ಇಲ್ಲಿಯೂ ಬೇಕು. ಅಗ್ಗದ ಮಾನಿಟರುಗಳು ಸಾಮಾನ್ಯವಾಗಿ ಚದರ ಮೀಟರಿಗೆ 250 ಕ್ಯಾಂಡೆಲಾದವರೆಗೆ ಬೆಳಗಬಲ್ಲವು. ಮುದ್ರಣಕ್ಕಾಗಿ ಚಿತ್ರವನ್ನು ತಿದ್ದುವಾಗ 80ರಿಂದ 120 ಸಾಕು. ಅಳತೆಯ ಉಪಕರಣವಿಲ್ಲದವರು ಓದುವ ಬೆಳಕಿನಲ್ಲಿ ಒಂದು ಬಿಳಿಯ ಹಾಳೆಯನ್ನು ಪರದೆಯ ಪಕ್ಕದಲ್ಲಿ ಹಿಡಿದು, ಪರದೆಯ ಬಿಳುಪು ಹಾಳೆಯ ಬಿಳುಪಿಗೆ ಸರಿಸುಮಾರು ಹೊಂದುವವರೆಗೆ ಪ್ರಖರತೆಯನ್ನು ತಗ್ಗಿಸಬಹುದು. ಶ್ವೇತಬಿಂದುವನ್ನು 6500 ಕೆಲ್ವಿನ್‌ಗೂ ಗ್ಯಾಮಾವನ್ನು 2.2ಕ್ಕೂ ನಿಲ್ಲಿಸಬೇಕು. ‘ಎಸ್‌ಆರ್‌ಜಿಬಿ’ ಎಂಬ ಸಿದ್ಧ ವಿಧಾನವಿದ್ದರೆ ಅದನ್ನು ಆರಿಸಿಕೊಳ್ಳಬಹುದು. ಆದರೆ ಕೆಲವು ಮಾದರಿಗಳಲ್ಲಿ ಆಗ ಪ್ರಖರತೆಯನ್ನು ಬದಲಿಸಲಾಗದು, ಇದನ್ನು ಕೊಳ್ಳುವ ಮೊದಲೇ ಪರೀಕ್ಷಿಸತಕ್ಕದ್ದು. ತಾನಾಗಿ ಕಾಂಟ್ರಾಸ್ಟ್ ಬದಲಿಸುವ ಸೌಲಭ್ಯವನ್ನೂ, ರಾತ್ರಿ ಪರದೆಯನ್ನು ಹಳದಿಯಾಗಿಸುವ ಸೌಲಭ್ಯವನ್ನೂ ನಿಲ್ಲಿಸಿಬಿಡಬೇಕು.

ಎಚ್‌ಡಿಎಂಐ ತಂತಿಯಲ್ಲಿ ಜೋಡಿಸಿದಾಗ ಗಣಕವು ಕೆಲವೊಮ್ಮೆ ಮಾನಿಟರನ್ನು ದೂರದರ್ಶನವೆಂದು ಭಾವಿಸಿ, 0ರಿಂದ 255ರ ಬದಲು 16ರಿಂದ 235ರ ಮಿತಿಯಲ್ಲಿ ಚಿತ್ರವನ್ನು ಕಳುಹಿಸುತ್ತದೆ. ಕಪ್ಪು ಬೂದಿಯಂತೆ ಕಂಡರೆ ಮಾನಿಟರನ್ನು ದೂಷಿಸುವ ಮೊದಲು ಗ್ರಾಫಿಕ್ಸ್ ವಿಭಾಗದಲ್ಲಿ ‘ಪೂರ್ಣ’ ವ್ಯಾಪ್ತಿಯನ್ನು ಆರಿಸಿ ನೋಡಬೇಕು. ಕಿಟಕಿಯ ಬೆಳಕು ಪರದೆಯ ಮೇಲೆ ನೇರವಾಗಿ ಬೀಳದಂತೆ ಮೇಜನ್ನು ಅಡ್ಡಲಾಗಿ ಇಡುವುದು ಯುಕ್ತ.

ಕಣ್ಣಿನ ಅಂದಾಜಿಗೆ ಮಿತಿಯುಂಟು. ಕಣ್ಣು ಐದೇ ನಿಮಿಷದಲ್ಲಿ ತಪ್ಪು ಬಣ್ಣಕ್ಕೂ ಒಗ್ಗಿಕೊಳ್ಳುತ್ತದೆ. ಪರದೆಗೆ ಆನಿಸಿ ಬಣ್ಣವನ್ನು ಅಳೆಯುವ ಕಲರಿಮೀಟರ್ ಎಂಬ ಪುಟ್ಟ ಉಪಕರಣವು ಈ ಕೊರತೆಯನ್ನು ನೀಗುತ್ತದೆ. ಅದರೊಡನೆ ಬಳಸಲು ಡಿಸ್‌ಪ್ಲೇಕ್ಯಾಲ್‌ನಂತಹ ಉಚಿತ ತಂತ್ರಾಂಶವೂ ಉಂಟು. ಶಾಲೆಗೆ ದೊಡ್ಡ ಪರದೆಯೊಂದನ್ನು ಕೊಡಮಾಡಬಯಸುವ ದಾನಿಗಳು, ಸಾಧಾರಣ ಐಪಿಎಸ್ ಮಾನಿಟರನ್ನೂ ಇಂತಹ ಒಂದು ಉಪಕರಣವನ್ನೂ ಕೊಡುವುದು ಹೆಚ್ಚು ಸಾರ್ಥಕ; ಒಂದೇ ಉಪಕರಣದಿಂದ ಗಣಕ ಕೊಠಡಿಯ ಎಲ್ಲ ಪರದೆಗಳನ್ನೂ ಸರಿಪಡಿಸಬಹುದಷ್ಟೆ. ಅಳೆಯುವ ಮುನ್ನ ಪರದೆಯನ್ನು ಅರ್ಧ ಗಂಟೆ ಬೆಳಗಿಸಿಟ್ಟಿರಬೇಕು. ದೀಪದ ಸತ್ವ ಕಾಲಕ್ರಮದಲ್ಲಿ ಕುಗ್ಗುವುದರಿಂದ ಒಂದೆರಡು ತಿಂಗಳಿಗೊಮ್ಮೆ ಈ ಅಳತೆಯನ್ನು ಮತ್ತೆ ಮಾಡತಕ್ಕದ್ದು.