ನೀರಿನ ರಭಸ ಮುರಿದ ಗಂಜ್‌ಗಳು

ವಿಜಯಪುರಕ್ಕೆ ಬಂದವರು ಗೋಳಗುಮ್ಮಟದ ಪ್ರತಿಧ್ವನಿ ಕೇಳಿ, ಇಬ್ರಾಹಿಂ ರೋಜಾ ಸುತ್ತಿ, ಮಲಿಕ್-ಎ-ಮೈದಾನ್ ತೋಪಿನ ಮುಂದೆ ಫೋಟೊ ತೆಗೆಸಿಕೊಂಡು ಊರು ಬಿಡುತ್ತಾರೆ. ಅಲ್ಲಲ್ಲಿ ಒಂಟಿಯಾಗಿ ನಿಂತ ಕಲ್ಲುಗಾರೆಯ ಗೋಪುರಗಳತ್ತ ಕಣ್ಣು ಹಾಯುವುದು ಕಡಿಮೆ. ಕಂಡರೂ ಅದೇನೋ ಹಳೆಯ ಕಾವಲು ಬುರುಜು ಇರಬೇಕೆಂದು ಮುಂದೆ ಸಾಗುವವರೇ ಹೆಚ್ಚು. ಅವು ಕಾವಲಿಗೆ ಕಟ್ಟಿದವಲ್ಲ. ಗಂಜ್ ಎಂದು ಕರೆಯುವ ಈ ಜಲಗೋಪುರಗಳು ಆದಿಲ್‌ಶಾಹಿ ರಾಜಧಾನಿಯ ನೀರು ಸರಬರಾಜಿನ ಮುಖ್ಯ ಕೀಲುಗಳು. ಗುಮ್ಮಟಗಳಿಗೆ ಕೊಡುವ ಗೌರವದಲ್ಲಿ ಒಂದು ಪಾಲು ಇವಕ್ಕೂ ಸಲ್ಲಬೇಕು. ಅದಕ್ಕೂ ಮಿಗಿಲಾಗಿ, ಇವನ್ನು ಬಿಡಿಬಿಡಿ ಕಟ್ಟಡಗಳೆಂದು ನೋಡುವುದನ್ನು ಬಿಟ್ಟು ಒಂದೇ ವ್ಯವಸ್ಥೆಯೆಂದು ಕಾಪಾಡಬೇಕು.

ಬಿಜಾಪುರ, ಅಂದರೆ ಇಂದಿನ ವಿಜಯಪುರ, ಬೆಳೆದದ್ದು ಮಳೆ ಕಡಿಮೆಯ ನೆಲದಲ್ಲಿ. ಕೃಷ್ಣೆ, ಭೀಮೆ ಎರಡೂ ದೂರ. ಅಂಥ ಕಡೆ 15ನೇ ಶತಮಾನದ ಕೊನೆಯಿಂದ 1686ರಲ್ಲಿ ಔರಂಗಜೇಬನ ವಶವಾಗುವವರೆಗೆ, ಸುಮಾರು ಇನ್ನೂರು ವರ್ಷ, ಒಂದು ರಾಜಧಾನಿ ಬಾಳಿತು. ಊರೊಳಗೆ ಬಾವಡಿಗಳಿದ್ದವು: 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ ಇಂದಿಗೂ ಹೆಸರುವಾಸಿ. ಪಶ್ಚಿಮದ ತೊರವಿ ಕಡೆಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ಬರುತ್ತಿತ್ತು. ಇಷ್ಟೂ ಸಾಲದೆ, 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿದ. ಅಲ್ಲಿಂದ ಊರೊಳಕ್ಕೆ ನೀರು ತಂದದ್ದು ಸುಟ್ಟ ಮಣ್ಣಿನ ಕೊಳವೆಗಳು. 15ರಿಂದ 50 ಅಡಿ ಆಳದಲ್ಲಿ ಒಂದಕ್ಕೊಂದು ಜೋಡಿಸಿ, ಸುತ್ತಲೂ ಗಾರೆಯ ಕವಚ ಹಾಕಿ ಅವನ್ನು ಹೂತಿದ್ದರು.

ತೊಡಕು ಇರುವುದು ಇಲ್ಲಿಯೇ. ಎತ್ತರದಿಂದ ಮುಚ್ಚಿದ ಕೊಳವೆಯಲ್ಲಿ ಇಳಿಯುವ ನೀರು ಇಳಿದಷ್ಟೂ ಒತ್ತಡ ಕೂಡಿಸಿಕೊಳ್ಳುತ್ತದೆ. 40 ಅಡಿ ಎತ್ತರದ ನೀರು ತನ್ನ ಬುಡದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1.2 ಕಿಲೋ ಭಾರ ಹೇರುತ್ತದೆ. ಇಳಿಜಾರು ಮುಂದುವರಿದಂತೆ ಈ ಭಾರವೂ ಏರುತ್ತದೆ, ಮಣ್ಣಿನ ಕೊಳವೆ ಎಲ್ಲೋ ಒಂದು ಕಡೆ ಸಿಡಿಯುತ್ತದೆ. ಆದಿಲ್‌ಶಾಹಿ ಕುಶಲಕರ್ಮಿಗಳು ಇದಕ್ಕೆ ಕಂಡುಕೊಂಡ ಉಪಾಯ ಕೊಳವೆಯ ದಾರಿಯುದ್ದಕ್ಕೂ 25ರಿಂದ 40 ಅಡಿ ಎತ್ತರದ ಗಂಜ್‌ಗಳನ್ನು ಎಬ್ಬಿಸುವುದು. ಬುಡಕ್ಕೆ ಬಂದ ನೀರು ತನ್ನದೇ ಬಲದಿಂದ ಗೋಪುರದೊಳಗೆ ಮೇಲೇರುತ್ತದೆ. ಅಲ್ಲಿ ಗಾಳಿಗೆ ತೆರೆದುಕೊಂಡು ಹಿಂದಿನ ಒತ್ತಡವನ್ನೆಲ್ಲ ಬಿಟ್ಟುಕೊಟ್ಟು ಮತ್ತೊಂದು ಕೊಳವೆಯಲ್ಲಿ ಇಳಿದು ಮುಂದಕ್ಕೆ ಹರಿಯುತ್ತದೆ. ಮುಂದಿನ ಕೊಳವೆಯ ಮೇಲೆ ಬೀಳುವುದು ಹೊಸದಾಗಿ ಆ ಗೋಪುರದಿಂದ ಶುರುವಾಗುವ ಭಾರ ಮಾತ್ರ. ಜೊತೆಗೆ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ಹೊರಬೀಳುತ್ತದೆ, ಹೂಳು ತಳದಲ್ಲಿ ಉಳಿದು ತಿಳಿನೀರು ಮುಂದೆ ಹೋಗುತ್ತದೆ. ಇಂದಿನ ಓವರ್‌ಹೆಡ್ ಟ್ಯಾಂಕಿಗೂ ಇದಕ್ಕೂ ಹೋಲಿಕೆ ಆಕಾರದಲ್ಲಷ್ಟೇ. ನಾವು ಮೋಟಾರಿನಿಂದ ನೀರೆತ್ತಿ ಒತ್ತಡ ಹುಟ್ಟಿಸುತ್ತೇವೆ. ಅವರು ನೀರನ್ನು ಅದರ ಬಲದಿಂದಲೇ ಎತ್ತಿ ಒತ್ತಡ ಕಳೆಯುತ್ತಿದ್ದರು.

ಇದು ಬಿಜಾಪುರದವರ ಸ್ವಂತ ಬುದ್ಧಿಯಲ್ಲ, ಹೊರಗಿನಿಂದ ಬಂದ ವಿದ್ಯೆ ಎನ್ನುವವರಿದ್ದಾರೆ. ಇಸ್ತಾಂಬುಲ್‌ನಲ್ಲಿ ಆಟೊಮನ್ನರು ಇದೇ ತತ್ವದ ಗೋಪುರಗಳನ್ನು ಕಟ್ಟಿದ್ದರು, ಔರಂಗಾಬಾದಿನ ನಹರ್ ಎಂಬ ನೀರಿನ ವ್ಯವಸ್ಥೆಯಲ್ಲೂ ಇಂಥ ಕಂಬಗಳಿವೆ. ಇರಲಿ. ದಖ್ಖನ್ನಿನ ದರಬಾರುಗಳಿಗೆ ಪರ್ಷಿಯಾದಿಂದ ಕವಿಗಳು, ಚಿತ್ರಕಾರರು ಬಂದಂತೆ ಜಲವಿದ್ಯೆ ಬಲ್ಲವರೂ ಬಂದಿರಬಹುದು. ಆದರೆ ವಿದ್ಯೆ ಎಲ್ಲಿಂದಲೇ ಬರಲಿ, ಈ ನೆಲದ ಏರಿಳಿತ ಅಳೆದು, ಎಲ್ಲಿ ಗೋಪುರ ನಿಲ್ಲಬೇಕು, ಎಷ್ಟೆತ್ತರಕ್ಕೆ ನಿಲ್ಲಬೇಕು ಎಂದು ಲೆಕ್ಕ ಹಾಕುವ ಕೆಲಸ ಇಲ್ಲಿಯೇ ನಡೆಯಬೇಕಿತ್ತು. ಗೋಪುರದ ತುದಿ ತುಸು ಹೆಚ್ಚಾದರೆ ನೀರು ಏರುವುದಿಲ್ಲ. ಆ ಲೆಕ್ಕ ತಪ್ಪಲಿಲ್ಲ ಎಂಬುದೇ ಇಲ್ಲಿನವರ ಹಿರಿಮೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಈ ನೀರು ಅರಮನೆಗಳಿಗೆ, ತೋಟಗಳಿಗೆ ಹರಿದದ್ದಲ್ಲವೆ? ಅಸಾರ್ ಮಹಲಿನ ಮುಂದಿನ ಕೊಳಕ್ಕೆ ಬೇಗಂ ತಲಾಬಿನ ನೀರು ಬರುತ್ತಿತ್ತು ಎಂಬುದು ನಿಜ. ಸಿರಿವಂತರ ಪಾಲು ದೊಡ್ಡದಿತ್ತು ಎಂಬುದನ್ನು ಒಪ್ಪಲೇಬೇಕು. ಆದರೂ ಬೇಗಂ ತಲಾಬ್ ಊರಿನ ಕುಡಿಯುವ ನೀರಿಗೆಂದೇ ಆದದ್ದು. ಅರಸರ ಸಮಾಧಿಗಳನ್ನು ಅವು ಅರಸರವೆಂಬ ಕಾರಣಕ್ಕೆ ನಾವು ಕೈಬಿಟ್ಟಿಲ್ಲ. ಜನರ ಬಾಯಾರಿಕೆಯನ್ನೂ ನೀಗಿಸಿದ ಕಟ್ಟಡಕ್ಕೆ ಬೇರೆ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ.

ಈಗ ಊರು ಕುಡಿಯುವುದು ಕೃಷ್ಣೆಯ ನೀರು, ಗಂಜ್‌ಗಳಿಗೆ ಕೆಲಸವಿಲ್ಲ. ಹಳೆಯ ಕೊಳವೆಗಳಲ್ಲಿ ಮತ್ತೆ ನೀರು ಹರಿಸಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಗೋಪುರ ಉಳಿಸಿ ಅದರ ಬುಡದ ಕೊಳವೆ ಒಡೆದರೆ ಉಳಿದದ್ದು ಬರೀ ಕಲ್ಲಿನ ಕಂಬ. ಆದ್ದರಿಂದ ಒಳಚರಂಡಿಗೋ ಕೇಬಲ್ಲಿಗೋ ನೆಲ ಅಗೆಯುವ ಮೊದಲು ಹಳೆಯ ಕೊಳವೆ ಸಾಲನ್ನು ನಕ್ಷೆಯಲ್ಲಿ ಗುರುತಿಸಬೇಕು, ಪ್ರತಿ ಗಂಜ್‌ನ ಬಳಿಯೂ ಅದು ಹೇಗೆ ಕೆಲಸ ಮಾಡುತ್ತಿತ್ತೆಂದು ತಿಳಿಸುವ ಕನ್ನಡ ಫಲಕ ಇರಬೇಕು. ವಿಜಯಪುರಕ್ಕೆ ಹೋಗುವವರೂ ಗೋಳಗುಮ್ಮಟ ಮುಗಿಸಿ ಒಂದು ಗಂಟೆ ಉಳಿಸಿಕೊಳ್ಳಿ. ಬೇಗಂ ತಲಾಬಿನಿಂದ ಶುರುಮಾಡಿ ಗಂಜ್‌ಗಳನ್ನು ಹುಡುಕುತ್ತ ಅಸಾರ್ ಮಹಲಿನ ಕೊಳದವರೆಗೆ ಬನ್ನಿ.