ನಿದ್ರೆ ಮರಳಿದರೆ ಮನಸ್ಸೂ ಅರಳೀತು

ರಾತ್ರಿ ನಿದ್ರೆ ಹತ್ತದು, ಪೂಜೆಗೆ ಕುಳಿತರೆ ಮನಸ್ಸು ನಿಲ್ಲದು, ಕಾಯಕದಲ್ಲಿ ಉತ್ಸಾಹವಿಲ್ಲ ಎಂದು ನೊಂದುಕೊಳ್ಳುವವರು ನಮ್ಮ ನಡುವೆ ಅನೇಕರಿದ್ದಾರೆ. ಇದನ್ನು ಭಕ್ತಿಯ ಕೊರತೆಯೆಂದು ಬಗೆದು ತಮ್ಮನ್ನೇ ಹಳಿದುಕೊಳ್ಳುವವರೂ ಉಂಟು. ಆದರೆ ಇದು ದೋಷವಲ್ಲ, ವ್ಯಾಧಿಯಾಗಿರಬಹುದು. ಅದಕ್ಕೆ ಚಿಕಿತ್ಸೆಯೂ ಇದೆ.

ನಿದ್ರಾಹೀನತೆಯು ಖಿನ್ನತೆಯ ಒಂದು ಲಕ್ಷಣ ಮಾತ್ರ, ಖಿನ್ನತೆ ಕಳೆದರೆ ನಿದ್ರೆ ತಾನಾಗಿ ಬರುವುದೆಂದು ಬಹುಕಾಲ ಭಾವಿಸಲಾಗಿತ್ತು. ಇವೆರಡೂ ಒಂದನ್ನೊಂದು ಬೆಳೆಸುತ್ತವೆಂಬುದು ಈಗಿನ ತಿಳಿವಳಿಕೆ. ನಿದ್ರೆಗೆಟ್ಟರೆ ಮನಸ್ಸು ಕುಗ್ಗುತ್ತದೆ. ಮನಸ್ಸು ಕುಗ್ಗಿದರೆ ನಿದ್ರೆ ದೂರವಾಗುತ್ತದೆ. ಆದುದರಿಂದ ನಿದ್ರೆಯ ಕಡೆಯಿಂದಲೂ ಈ ಗಂಟನ್ನು ಸಡಿಲಿಸಬಹುದು.

ಇದಕ್ಕಿರುವ ಮಾರ್ಗವೇ ಅರಿವು-ವರ್ತನೆಯ ಚಿಕಿತ್ಸೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ನೀಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸೂಚಿಸಿತು. ನಿದ್ರೆ ಬಾರದೆ ಗಂಟೆಗಟ್ಟಲೆ ಹೊರಳಾಡಿದರೆ ಹಾಸಿಗೆಯೇ ಎಚ್ಚರದ ತಾಣವಾಗಿ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ಈ ನಂಟನ್ನು ಕಡಿಯುವುದೇ ಚಿಕಿತ್ಸೆಯ ಗುರಿ. ನಿದ್ರೆ ಬಂದಾಗಲಷ್ಟೇ ಮಲಗಬೇಕು. ಸುಮಾರು 20 ನಿಮಿಷ ಕಳೆದರೂ ನಿದ್ರೆ ಬಾರದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಶಾಂತವಾಗಿ ಕುಳಿತು, ತೂಕಡಿಕೆ ಬಂದ ಮೇಲೆ ಮರಳಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ನಿಗದಿತ ವೇಳೆಗೇ ಏಳಬೇಕು. ಹಗಲು ನಿದ್ರೆ ಸಲ್ಲದು. ನಿತ್ಯ ಒಂದೇ ಹೊತ್ತಿಗೆ ಇಷ್ಟಲಿಂಗ ಪೂಜೆ ಮಾಡುವವರಿಗೆ ಈ ನಿಯಮ ಹೊಸದಲ್ಲ. 'ಇಂದು ನಿದ್ರೆ ಬಾರದಿದ್ದರೆ ನಾಳೆ ಕೆಟ್ಟಿತು' ಎಂಬ ಭಯವನ್ನು ವಿಚಾರದಿಂದ ತಿದ್ದಿಕೊಳ್ಳುವುದೂ ಇದರ ಅಂಗ. ಅರಿವು ಆಚಾರಗಳನ್ನು ಶರಣರು ಬೇರ್ಪಡಿಸಲಿಲ್ಲ. ಈ ಚಿಕಿತ್ಸೆಯೂ ಬೇರ್ಪಡಿಸುವುದಿಲ್ಲ.

2008ರಲ್ಲಿ ಪ್ರಕಟವಾದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ 30 ರೋಗಿಗಳ ಕಿರು ಅಧ್ಯಯನದಲ್ಲಿ, ಖಿನ್ನತೆಯ ಔಷಧದೊಡನೆ ಈ ಚಿಕಿತ್ಸೆ ಪಡೆದವರಲ್ಲಿ ಶೇ. 61ರಷ್ಟು ಮಂದಿಯ ಖಿನ್ನತೆ ಶಮನವಾಯಿತು. ಉಳಿದ ಗುಂಪಿನಲ್ಲಿ ಅದು ಶೇ. 33. ಮುಂದೆ 150 ಮಂದಿಯ ಅಧ್ಯಯನದಲ್ಲಿ ನಿದ್ರೆ ಸುಧಾರಿಸಿದರೂ ಖಿನ್ನತೆಯಲ್ಲಿ ಅಂತಹ ಅಂತರ ಕಾಣಲಿಲ್ಲ. ಆದರೆ ಲಾಸ್ ಏಂಜಲೀಸ್‌ನಲ್ಲಿ ನಿದ್ರೆ ಬಾರದ 60 ದಾಟಿದ 291 ಹಿರಿಯರನ್ನು ಮೂರು ವರ್ಷ ಗಮನಿಸಿದಾಗ, ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೂ, ನಿದ್ರೆಯ ತಿಳಿವಳಿಕೆಯನ್ನಷ್ಟೇ ಪಡೆದವರಲ್ಲಿ 26 ಮಂದಿಗೂ ಖಿನ್ನತೆ ತಗುಲಿತು. ಈ ಫಲ 2021ರಲ್ಲಿ ಪ್ರಕಟವಾಯಿತು. ಆದುದರಿಂದ ಇದನ್ನು ಸರ್ವರೋಗ ಪರಿಹಾರವೆನ್ನದೆ, ಬಲವಾದ ಆಸರೆಯೆಂದು ನಾವು ತಿಳಿಯೋಣ.

ಖಿನ್ನತೆಯ ಔಷಧವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಮಲಗುವ ಅವಧಿಯನ್ನು ಕಡಿತಗೊಳಿಸುವ ಕ್ರಮವೂ ಈ ಚಿಕಿತ್ಸೆಯಲ್ಲುಂಟು. ಮೂರ್ಛೆರೋಗ ಅಥವಾ ಉನ್ಮಾದದ ಇತಿಹಾಸವುಳ್ಳವರು ವೈದ್ಯರ ಸಲಹೆಯಿಲ್ಲದೆ ಅದಕ್ಕೆ ಕೈಹಾಕಬಾರದು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆಗೆಟ್ಟರೆ ತಜ್ಞರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಒಂದು ಗಳಿಗೆಯೂ ತಡಮಾಡದೆ ಮನೆಯವರಿಗೆ ತಿಳಿಸಬೇಕು. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬೇಕು. ನೋವನ್ನು ಹೇಳಿಕೊಳ್ಳುವುದು ನಾಚಿಕೆಯ ಸಂಗತಿಯಲ್ಲ. ಅದನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವುದು ನಮ್ಮೆಲ್ಲರ ದಾಸೋಹ.